ಮುಟ್ಟಿನ ಮೊದಲ ದಿನದ ಹೊಟ್ಟೆನೋವು: ಪಿಜಿಯಲ್ಲಿ ಒಲೆ ಇಲ್ಲ, ಏನು ಮಾಡಲಿ?

ಕಡೂರು ಹುಡುಗಿ:
ಅಕ್ಕಂದಿರೇ, ನನಗೆ 22 ವರ್ಷ. ಊರು ಕಡೂರು, ಈಗ ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದೇನೆ. ಕೆಲಸಕ್ಕೆ ಸೇರಿ ಏಳು ತಿಂಗಳಾಯಿತು. ಮುಟ್ಟಾದ ಮೊದಲ ದಿನ ಕೆಳಹೊಟ್ಟೆ ಹಿಂಡಿದ ಹಾಗೆ ನೋವು, ಸೊಂಟದಿಂದ ತೊಡೆವರೆಗೂ ಎಳೆತ, ಒಂದೊಂದು ಸಲ ವಾಂತಿ, ಲೂಸ್ ಮೋಷನ್ ಬೇರೆ. ಎರಡನೇ ದಿನ ಸಂಜೆ ಹೊತ್ತಿಗೆ ಕಮ್ಮಿಯಾಗುತ್ತದೆ. ಹದಿನಾಲ್ಕನೇ ವಯಸ್ಸಿನಿಂದ ಹೀಗೇ ಇದೆ. ಊರಲ್ಲಿದ್ದಾಗ ಅಮ್ಮ ಜೀರಿಗೆ ಕಷಾಯ ಕೊಟ್ಟು, ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡುತ್ತಿದ್ದರು. ಇಲ್ಲಿ ರೂಮಲ್ಲಿ ಒಂದು ಕೆಟಲ್ ಬಿಟ್ಟರೆ ಏನೂ ಇಲ್ಲ. ಹೋದ ತಿಂಗಳು ಆಫೀಸಿನ ವಾಶ್‌ರೂಮಲ್ಲಿ ನಿಲ್ಲೋಕಾಗದೆ ನೆಲದ ಮೇಲೆ ಕೂತುಬಿಟ್ಟೆ. ಜೊತೆಯವಳು ಒಂದು ಮಾತ್ರೆ ಕೊಟ್ಟಳು, ಮುಕ್ಕಾಲು ಗಂಟೆಯಲ್ಲಿ ಎದ್ದು ಓಡಾಡಿದೆ. ಅಮ್ಮನಿಗೆ ಹೇಳಿದರೆ ಬೈದರು, ‘ಮಾತ್ರೆ ರೂಢಿಯಾದರೆ ಮುಂದೆ ಮಕ್ಕಳಾಗಲ್ಲ’ ಅಂತ. ಇದು ನಿಜವಾ? ಕೆಟಲ್ ಒಂದರಲ್ಲೇ ಏನೇನು ಮಾಡಿಕೊಳ್ಳಬಹುದು?

ತಿಪಟೂರು ಅಮ್ಮ:
ಮಗಳೇ, ಓದಿ ಹೊಟ್ಟೆ ಚುರುಕ್ ಅಂತು. ನನ್ನ ಎರಡನೇ ಮಗಳೂ ಹಾಸ್ಟೆಲಲ್ಲಿ ಹೀಗೇ ಒದ್ದಾಡುತ್ತಿದ್ದಳು. ಅವಳಿಗೆ ಹೇಳಿಕೊಟ್ಟಿದ್ದನ್ನೇ ನಿನಗೂ ಹೇಳುತ್ತೇನೆ.

ಶಾಖಕ್ಕೆ ಉಪ್ಪೇ ಬೇಕು ಅಂತಿಲ್ಲ. ಒಂದು ಮಾಮೂಲಿ ಸ್ಟೀಲ್ ಬಾಟಲಿ ತಗೋ, ಫ್ಲಾಸ್ಕ್ ಅಲ್ಲ. ಫ್ಲಾಸ್ಕಿಗೆ ಎರಡು ಪದರ ಇರುವುದರಿಂದ ಬಿಸಿ ಹೊರಗೆ ಬರುವುದೇ ಇಲ್ಲ. ಕೆಟಲ್ ನೀರು ಕುದಿದ ಮೇಲೆ ಹತ್ತು ನಿಮಿಷ ಬಿಟ್ಟು, ಮುಕ್ಕಾಲು ಭಾಗ ತುಂಬಿಸಿ, ಮುಚ್ಚಳ ಬಿಗಿ ಮಾಡಿ, ಒಂದು ಸಲ ಬಕೆಟ್ ಮೇಲೆ ತಲೆಕೆಳಗೆ ಹಿಡಿದು ನೋಡು. ಒಂದು ಹನಿಯೂ ಸೋರಬಾರದು. ಆಮೇಲೆ ಟವೆಲ್ ಎರಡು ಸುತ್ತು ಸುತ್ತಿ ಹೊಕ್ಕಳಿನ ಕೆಳಗೆ ಇಟ್ಟುಕೊಂಡು ಮಗ್ಗುಲಾಗಿ ಮಂಡಿ ಮಡಿಸಿ ಮಲಗು. ಇಪ್ಪತ್ತು ನಿಮಿಷ ಸಾಕು. ಅಪ್ಪಿಕೊಂಡು ನಿದ್ದೆ ಮಾತ್ರ ಮಾಡಬೇಡ. ನನ್ನ ಮಗಳು ರಾತ್ರಿಯೆಲ್ಲ ಇಟ್ಟುಕೊಂಡು ಹೊಟ್ಟೆ ಮೇಲೆ ಕಂದು ಬಲೆಯ ಹಾಗೆ ಗುರುತು ಎದ್ದಿತ್ತು, ಹೋಗೋಕೆ ತಿಂಗಳುಗಟ್ಟಲೆ ಹಿಡಿಯಿತು. ಆಫೀಸಿಗಾದರೆ ಬಟ್ಟೆಗೆ ಅಂಟಿಸಿಕೊಳ್ಳುವ ಹೀಟ್ ಪ್ಯಾಚ್ ಮೆಡಿಕಲಲ್ಲಿ ಸಿಗುತ್ತದೆ.

ಲೋಟಕ್ಕೆ ಹೆಬ್ಬೆರಳು ಗಾತ್ರದ ಹಸಿಶುಂಠಿ ಜಜ್ಜಿ ಹಾಕಿ, ಮೇಲೆ ಕುದಿಯೋ ನೀರು ಹೊಯ್ದು ಹತ್ತು ನಿಮಿಷ ಮುಚ್ಚಿಡು, ಬೆಲ್ಲ ಹಾಕಿಕೊಂಡು ಕುಡಿ. ಹೊಟ್ಟೆ ಉಬ್ಬರ ಇದ್ದರೆ ಓಮ ಹಾಕು. ತಲೆಗೆ ನೀರು ಹಾಕಬಾರದು ಅಂತ ಯಾರಾದರೂ ಹೇಳಿದರೆ ಕೇಳಬೇಡ, ಬಿಸಿನೀರಿನ ಸ್ನಾನದಷ್ಟು ಹಿತ ಬೇರೆ ಇಲ್ಲ.

ಸಿಸ್ಟರ್ ಮೈಸೂರು:
ಹದಿನೆಂಟು ವರ್ಷದಿಂದ ನರ್ಸ್ ಆಗಿದ್ದೇನೆ. ಮಾತ್ರೆ ವಿಷಯ ನಾನು ಹೇಳುತ್ತೇನೆ, ಯಾಕೆಂದರೆ ಈ ‘ಮಕ್ಕಳಾಗಲ್ಲ’ ಅನ್ನೋ ಮಾತಿನಿಂದ ಹುಡುಗಿಯರು ಸುಮ್ನೆ ನರಳುವುದನ್ನು ದಿನಾ ನೋಡುತ್ತೇನೆ. ತಿಂಗಳಲ್ಲಿ ಒಂದೆರಡು ದಿನ ಮುಟ್ಟಿನ ನೋವಿಗೆ ಮಾತ್ರೆ ತಗೊಂಡರೆ ಬಂಜೆತನ ಬರುವುದಿಲ್ಲ. ರೂಢಿಯೂ ಆಗುವುದಿಲ್ಲ.

ಗರ್ಭಕೋಶದ ಒಳಪದರ ಕಳಚುವಾಗ ಪ್ರೋಸ್ಟಗ್ಲ್ಯಾಂಡಿನ್ ಅನ್ನೋ ರಾಸಾಯನಿಕ ಬಿಡುಗಡೆ ಆಗುತ್ತದೆ. ಅದು ಗರ್ಭಕೋಶವನ್ನು ಬಿಗಿಯಾಗಿ ಹಿಂಡುತ್ತದೆ, ಹಿಂಡಿದಾಗ ಅಲ್ಲಿಗೆ ರಕ್ತ ಸರಿಯಾಗಿ ಹೋಗಲ್ಲ, ಅದಕ್ಕೇ ನೋವು. ಕರುಳನ್ನೂ ಅದೇ ಕೆರಳಿಸುತ್ತದೆ, ನಿನಗೆ ಲೂಸ್ ಮೋಷನ್ ಆಗುವುದು ಅದರಿಂದಲೇ. ಐಬುಪ್ರೊಫೆನ್, ಮೆಫೆನಮಿಕ್ ಆಸಿಡ್ ತರಹದ ಮಾತ್ರೆಗಳು ಆ ರಾಸಾಯನಿಕ ತಯಾರಾಗುವುದನ್ನೇ ತಡೆಯುತ್ತವೆ. ಹಾಗಾಗಿ ನೋವು ತಲೆಗೇರಿದ ಮೇಲೆ ನುಂಗುವುದಕ್ಕಿಂತ, ಮುಟ್ಟು ಶುರುವಾದ ಕೂಡಲೇ ತಗೊಂಡರೆ ಚೆನ್ನಾಗಿ ಕೆಲಸ ಮಾಡುತ್ತದೆ. ಎಲ್ಲರೂ ತಪ್ಪು ಮಾಡುವುದು ಇಲ್ಲೇ, ‘ಇನ್ನೂ ತಡೆದುಕೊಳ್ಳೋಣ’ ಅಂತ ನಾಲ್ಕು ಗಂಟೆ ಕಾಯುತ್ತಾರೆ.

ಆದರೆ ಖಾಲಿ ಹೊಟ್ಟೆಯಲ್ಲಿ ಬೇಡ, ಎರಡು ಇಡ್ಲಿಯಾದರೂ ತಿಂದಿರಬೇಕು. ಅಲ್ಸರ್, ಕಿಡ್ನಿ ತೊಂದರೆ, ಆಸ್ತಮಾ ಇರುವವರು ಕೇಳದೆ ತಗೊಳ್ಳಬಾರದು. ಗರ್ಭಿಣಿ ಇರಬಹುದು ಅನ್ನೋ ಅನುಮಾನ ಇದ್ದರೂ ಬೇಡ. ಜ್ವರ ಇದ್ದು ಡೆಂಗಿ ಶಂಕೆ ಇದ್ದಾಗಲಂತೂ ಮುಟ್ಟಲೇಬಾರದು, ರಕ್ತಸ್ರಾವ ಜಾಸ್ತಿಯಾಗುವ ಅಪಾಯ ಇದೆ. ಮೆಫೆನಮಿಕ್ ಆಸಿಡ್ ಬಗ್ಗೆ 2023ರ ಕೊನೆಯಲ್ಲಿ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ (ಔಷಧಿಗಳ ಗುಣಮಟ್ಟ, ಅಡ್ಡಪರಿಣಾಮ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ) ಒಂದು ಎಚ್ಚರಿಕೆ ಕೊಟ್ಟಿತ್ತು, ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದು ಅಂತ. ಮಾತ್ರೆ ತಗೊಂಡ ಮೇಲಿನ ವಾರಗಳಲ್ಲಿ ಮೈಮೇಲೆ ದದ್ದು, ಜ್ವರ ಬಂದರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಜೊತೆಯವಳ ಬ್ಯಾಗಿನ ಮಾತ್ರೆಯನ್ನು ಪ್ರತಿ ತಿಂಗಳು ನುಂಗುವ ಬದಲು, ಒಂದು ಸಲ ಡಾಕ್ಟರ ಹತ್ತಿರ ನಿನಗೆ ಯಾವುದು, ಎಷ್ಟು ಅಂತ ಬರೆಸಿಕೋ.

ಹುಬ್ಬಳ್ಳಿಯಿಂದ:
ತಂಗಿ, ನಿನಗೆ ಎಂಟು ವರ್ಷದಿಂದ ನೋವು ಒಂದೇ ತರಹ ಇದೆ, ಎರಡನೇ ದಿನ ಇಳಿಯುತ್ತದೆ ಅಂತ ಬರೆದಿದ್ದೀಯ. ಅದು ಸಮಾಧಾನದ ವಿಷಯ. ನನ್ನದು ಹಾಗಿರಲಿಲ್ಲ. ವರ್ಷ ವರ್ಷ ಜಾಸ್ತಿಯಾಗುತ್ತಾ ಹೋಯಿತು, ಮುಟ್ಟಿಗೆ ಒಂದು ವಾರ ಮೊದಲೇ ಶುರು, ಟಾಯ್ಲೆಟ್‌ಗೆ ಕೂತರೆ ಒಳಗೆ ಚೂರಿ ಹಾಕಿದ ಹಾಗೆ. ತೋರಿಸಿದ ಕಡೆಯೆಲ್ಲ ‘ಮದುವೆಯಾದರೆ ಸರಿಹೋಗುತ್ತೆ’ ಅಂದರು. ಮದುವೆಯಾಯಿತು, ಕೂಡುವಾಗಲೂ ನೋವು. ಕೊನೆಗೆ 27ನೇ ವಯಸ್ಸಿಗೆ ಗೊತ್ತಾಯಿತು, ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥದ್ದು ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ, ಜೊತೆಗೆ ಅಂಡಾಶಯದಲ್ಲಿ ಚಾಕೊಲೇಟ್ ಸಿಸ್ಟ್ (ಹಳೇ ರಕ್ತ ತುಂಬಿದ ಗುಳ್ಳೆ). ಮೊದಲೊಮ್ಮೆ ಮಾಡಿಸಿದ ಸ್ಕ್ಯಾನ್ ನಾರ್ಮಲ್ ಅಂತಲೇ ಬಂದಿತ್ತು. ಸ್ಕ್ಯಾನಲ್ಲಿ ಕಾಣಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತ ಅಲ್ಲ, ಇದನ್ನು ಆಗ ಯಾರೂ ನನಗೆ ಹೇಳಲಿಲ್ಲ.

ಇದನ್ನು ಓದುತ್ತಿರುವ ಬೇರೆಯವರಿಗೂ ಹೇಳುತ್ತಿದ್ದೇನೆ. ಮಾತ್ರೆಗೆ ಬಗ್ಗದ ನೋವು, ವರ್ಷದಿಂದ ವರ್ಷಕ್ಕೆ ಏರುವ ನೋವು, ಮುಟ್ಟಿಲ್ಲದ ದಿನಗಳಲ್ಲೂ ಬರುವ ನೋವು, ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ಸ್ರಾವ, ಇವು ಶಾಖ ಕಷಾಯದಲ್ಲಿ ಮುಗಿಯುವ ಮಾತಲ್ಲ. ಯಾವ ದಿನ ಎಷ್ಟು ನೋವು, ಎಷ್ಟು ಪ್ಯಾಡ್ ಅಂತ ಮೂರು ತಿಂಗಳು ಕ್ಯಾಲೆಂಡರಲ್ಲಿ ಬರೆದಿಟ್ಟು ಅದನ್ನೇ ಡಾಕ್ಟರ ಮುಂದೆ ಇಡಿ. ನನ್ನ ಮಾತಿಗೆ ಬೆಲೆ ಸಿಕ್ಕಿದ್ದು ಆ ಕ್ಯಾಲೆಂಡರ್ ಹಾಳೆ ತೋರಿಸಿದ ಮೇಲೆ.

ಜಯನಗರ ನಾಲ್ಕನೇ ಬ್ಲಾಕ್:
ಒಂದೇ ಮಾತು. 2025ರ ಅಕ್ಟೋಬರಲ್ಲಿ ರಾಜ್ಯ ಸಂಪುಟ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು, ತಿಂಗಳಿಗೆ ಒಂದು ದಿನ, ವರ್ಷಕ್ಕೆ 12, ಸಂಬಳ ಸಹಿತ, ಖಾಸಗಿ ಕಂಪನಿಗಳಿಗೂ ಸೇರಿಸಿ. ನಿಮ್ಮ ಎಚ್‌ಆರ್‌ಗೆ ಮೇಲ್ ಹಾಕಿ ಕೇಳು, ನಾಚಿಕೊಳ್ಳಬೇಡ.

ಕಡೂರು ಹುಡುಗಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮಾ, ಬಾಟಲಿ ಇವತ್ತೇ ತಂದೆ. ಹುಬ್ಬಳ್ಳಿ ಅಕ್ಕ, ನಿಮ್ಮದು ಓದಿ ಅಳು ಬಂತು, ಕ್ಯಾಲೆಂಡರ್ ಶುರು ಮಾಡುತ್ತೇನೆ. ಸಿಸ್ಟರ್, ಒಂದು ಕೇಳಬೇಕಿತ್ತು. ಚಿಕ್ಕವಳಿದ್ದಾಗ ನನಗೆ ವೀಸಿಂಗ್ ಇತ್ತು, ಈಗಲೂ ಚಳಿಗಾಲದಲ್ಲಿ ಒಂದೆರಡು ಸಲ ಇನ್ಹೇಲರ್ ಬೇಕಾಗುತ್ತದೆ. ಅದೂ ಆಸ್ತಮಾ ಲೆಕ್ಕನಾ?

ಸಿಸ್ಟರ್ ಮೈಸೂರು:
ಹೌದು ತಂಗಿ, ಅದನ್ನು ಆಸ್ತಮಾ ಅಂತಲೇ ಇಟ್ಟುಕೋ. ಆಸ್ತಮಾ ಇರುವ ಕೆಲವರಿಗೆ ಈ ಗುಂಪಿನ ಮಾತ್ರೆಯಿಂದ ಉಬ್ಬಸ ಕೆರಳುತ್ತದೆ, ಎಲ್ಲರಿಗೂ ಅಲ್ಲ. ಹೋದ ತಿಂಗಳು ಏನೂ ಆಗಲಿಲ್ಲ ಅಂದರೆ ಒಳ್ಳೆಯದೇ, ಆದರೂ ಆ ಮಾತ್ರೆಯ ಹೆಸರು ಗೆಳತಿಯಿಂದ ಕೇಳಿ ಬರೆದುಕೊಂಡು, ಇನ್ಹೇಲರನ್ನೂ ಕೈಯಲ್ಲೇ ಹಿಡಿದುಕೊಂಡು ಮುಂದಿನ ಡೇಟ್‌ಗೆ ಮೊದಲು ಡಾಕ್ಟರನ್ನು ನೋಡು. ಅಷ್ಟರೊಳಗೆ ಮುಟ್ಟಾದರೆ ಬಾಟಲಿ ಶಾಖ ಮಾಡಿಕೋ, ಜೊತೆಗೆ ಪ್ಯಾರಾಸಿಟಮಾಲ್ ತಗೊಳ್ಳಬಹುದು. ಪ್ಯಾರಾಸಿಟಮಾಲಿಗೆ ಐಬುಪ್ರೊಫೆನ್ ತರಹದ ಮಾತ್ರೆಯಷ್ಟು ಶಕ್ತಿ ಇಲ್ಲ, ಆದರೆ ಸಾಮಾನ್ಯವಾಗಿ ಉಬ್ಬಸದವರಿಗೂ ಒಗ್ಗುತ್ತದೆ. ಡಾಕ್ಟರ್ ಏನಂದರು ಅಂತ ಇಲ್ಲಿ ಬಂದು ಹೇಳು, ಕಾಯುತ್ತಿರುತ್ತೇನೆ.