ಕೆಲಸ ಚೆನ್ನಾಗಿದೆ, ಆಟಿಟ್ಯೂಡ್ ಸರಿಯಿಲ್ಲ ಅಂದರು. ಪ್ರಮೋಷನ್ ಸಿಕ್ಕವರು ಅನುಭವ ಹೇಳಿ

ಮಳೆಹನಿ: ಟೆಸ್ಟಿಂಗ್ ತಂಡದಲ್ಲಿದ್ದೇನೆ. ಈ ಸಲವೂ ಪ್ರಮೋಷನ್ ತಪ್ಪಿತು. ಕೆಲಸದಲ್ಲಿ ತಪ್ಪಿಲ್ಲ, ಆಟಿಟ್ಯೂಡ್ ಬದಲಾಗಬೇಕು ಅಂತಾರೆ ಮ್ಯಾನೇಜರ್. ಏನು ಬದಲಾಗಬೇಕು ಅಂದರೆ ಉತ್ತರ ಇಲ್ಲ. ನೀವೆಲ್ಲ ಏನು ಮಾಡಿದಿರಿ?

ಖಾತೆಕಿರ್ದಿ: ನಾನು ಅಕೌಂಟ್ಸ್‌ನವಳು. ವರ್ಷದ ಕೊನೆಯ ಕ್ಲೋಸಿಂಗ್ ಪೂರ್ತಿ ನನ್ನ ತಲೆ ಮೇಲಿತ್ತು. ಪಾಸಾಗದ ಹಳೇ ಚೆಕ್‌ಗಳು, ಎರಡು ಸಲ ಎಂಟ್ರಿ ಆದ ಬಿಲ್‌ಗಳು, ಯಾವ ಲೆಕ್ಕಕ್ಕೆ ಸೇರಬೇಕು ಅಂತ ತಿಳಿಯದೆ ಸಸ್ಪೆನ್ಸ್ ಅಕೌಂಟ್‌ನಲ್ಲಿ ಕೊಳೆಯುತ್ತಿದ್ದ ಮೊತ್ತಗಳು, ಒಂದೊಂದನ್ನೂ ಹುಡುಕಿ ಸರಿಮಾಡಿದೆ. ಆಡಿಟರ್ ಮುಂದೆ ಕೂತು ವಿವರಿಸಿದವನು ಪಕ್ಕದ ಸೀಟಿನವನು. ಪ್ರಮೋಷನ್ ಅವನಿಗೇ ಹೋಯಿತು. ಆಮೇಲಿಂದ ಪ್ರತಿ ಶುಕ್ರವಾರ ಬಾಸ್‌ಗೆ ಪುಟ್ಟ ಮೇಲ್ ಹಾಕುತ್ತೇನೆ. ಏನು ಮುಗಿಯಿತು, ಏನು ನಿಂತಿದೆ, ಯಾರಿಂದ ಏನು ಬರಬೇಕು, ಅಷ್ಟೇ. ಅಪ್ರೈಸಲ್ ದಿನ ಅವನ್ನೇ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟೆ. ಸೀನಿಯರ್ ಆದೆ. ಜಂಬ ಅನ್ನುವವರು ಅನ್ನಲಿ.

ನೈಟ್‌ಶಿಫ್ಟ್: ಮೇಡಂ, ಮೇಲ್ ಎಲ್ಲ ಆಫೀಸಿನವರಿಗೆ ಸರಿ. ನಾನು ಪ್ರೊಡಕ್ಷನ್ ಲೈನ್‌ನವನು. ಸೂಪರ್‌ವೈಸರ್ ಮಾಡುತ್ತೇವೆ ಅಂತ ಆಸೆ ತೋರಿಸಿ ಮೊದಲೇ ಆ ಕೆಲಸ ಹೊರಿಸಿದರು. ಹಾಜರಿ ಬರೆಯೋದು, ಮೆಷಿನ್ ನಿಂತರೆ ಮೆಂಟೆನೆನ್ಸ್‌ನವರನ್ನು ಎಬ್ಬಿಸೋದು, ರಿಜೆಕ್ಟ್ ಆದ ಮಾಲಿಗೆ ಬೈಸಿಕೊಳ್ಳೋದು ಎಲ್ಲ ನಾನೇ. ಹುದ್ದೆ ಮಾತ್ರ ಇಲ್ಲ. ಕೊನೆಗೆ ಆರ್ಡರ್ ಬಂತು. ಆ ತಿಂಗಳ ಸ್ಲಿಪ್ ನೋಡಿದರೆ ಕೈಗೆ ಬಂದದ್ದು ಮೊದಲಿಗಿಂತ ಕಮ್ಮಿ! ಸೂಪರ್‌ವೈಸರ್‌ಗೆ ಓಟಿ, ಅಂದರೆ ಹೆಚ್ಚು ಹೊತ್ತು ದುಡಿದದ್ದಕ್ಕೆ ಕೊಡೋ ಹಣ, ಇಲ್ಲವಂತೆ. ಇನ್‌ಕ್ರಿಮೆಂಟ್ ಒಂದು ಕಡೆ, ಹೋದ ಓಟಿ ಇನ್ನೊಂದು ಕಡೆ ಬರೆದು ಕೂಡಿ ನೋಡಿ ಆಮೇಲೆ ಸಹಿ ಹಾಕಿ. ನನಗೆ ಯಾರೂ ಹೇಳಲಿಲ್ಲ.

ಬೆಲ್‌ಕರ್ವ್: ಆಟಿಟ್ಯೂಡ್ ಅನ್ನೋದು ನೆಪ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಮುಖ್ಯಸ್ಥರಾಗಿದ್ದ ಜ್ಯಾಕ್ ವೆಲ್ಚ್ ಜನರನ್ನು 20-70-10 ಅಂತ, ಅಂದರೆ ನೂರರಲ್ಲಿ ಮೇಲಿನ 20, ನಡುವಿನ 70, ಕೆಳಗಿನ 10 ಅಂತ ವಿಂಗಡಿಸುತ್ತಿದ್ದರು. ಅದನ್ನು ನೋಡಿ ಎಷ್ಟೋ ಕಂಪನಿಗಳು ಕಲಿತವು. ಮೈಕ್ರೋಸಾಫ್ಟ್ 2013ರಲ್ಲಿ ಅಂಥ ಪದ್ಧತಿ ಕೈಬಿಟ್ಟಿತು. ನಮ್ಮ ಕಡೆ ಇನ್ನೂ ಇದೆ. ತಂಡದಲ್ಲಿ ಎಲ್ಲರೂ ಚೆನ್ನಾಗಿ ಮಾಡಿದರೂ ಒಬ್ಬರು ಕೆಳಗೆ ಬೀಳಲೇಬೇಕು. ನನ್ನ ರೇಟಿಂಗ್ ಬರೆದ ಹೊಸ ಮ್ಯಾನೇಜರ್ ಇನ್ನೂ ಸರಿಯಾಗಿ ನನ್ನ ಹೆಸರು ಕಲಿತಿರಲಿಲ್ಲ. ಹಳೇ ಮ್ಯಾನೇಜರ್ ಕೊಟ್ಟ ಮಾತು ಅವರ ಜೊತೆಗೇ ಹೋಯಿತು. ಶುಕ್ರವಾರದ ಮೇಲ್ ಯಾರು ಓದುತ್ತಿದ್ದರು ಹೇಳಿ?

ಖಾತೆಕಿರ್ದಿ: ಅದಕ್ಕೇ ಬರೆದಿಡಬೇಕು ಅಂದದ್ದು! ಮ್ಯಾನೇಜರ್ ಬದಲಾದರೂ ಮೇಲ್ ಉಳಿಯುತ್ತದೆ. ಬಾಯಿಮಾತು ನಂಬಿ ಕೂತವರು ವ್ಯವಸ್ಥೆಯನ್ನು ಬೈಯುತ್ತಾರೆ.

ಬೆಲ್‌ಕರ್ವ್: ನಂಬಿ ಕೂತೆ ಅಂತ ಯಾರು ಹೇಳಿದ್ದು? ಎಚ್‌ಆರ್‌ಗೆ ಲಿಖಿತವಾಗಿ ಕೊಟ್ಟೆ. ರೇಟಿಂಗ್ ಫ್ರೀಜ್ ಆಗಿದೆ ಅಂದರು. ನಿಮಗೆ ಒಳ್ಳೇ ಬಾಸ್ ಸಿಕ್ಕರು, ಅದನ್ನೇ ಸೂತ್ರ ಮಾಡಬೇಡಿ.

ಮಳೆಹನಿ: ಒಂದೇ ಪ್ರಶ್ನೆ. ಏನು ಬದಲಾಗಬೇಕು ಅಂತ ಉದಾಹರಣೆ ಸಮೇತ ಬರೆದು ಕೊಡಿ ಅಂತ ಮ್ಯಾನೇಜರನ್ನು ಕೇಳಬಹುದಾ? ಮುನಿಸಿಕೊಳ್ಳುತ್ತಾರಾ?

ಖಾತೆಕಿರ್ದಿ: ಕೇಳಿ. ನನ್ನ ಬಾಸ್ ಒಳ್ಳೆಯವರೇನಲ್ಲ, ಬೆಲ್‌ಕರ್ವ್ ಅವರೇ. ಮೊದಲ ಮೇಲ್‌ಗೆ ಉತ್ತರವೇ ಬಂದಿರಲಿಲ್ಲ.

ನೈಟ್‌ಶಿಫ್ಟ್: ಓಟಿ ಹೋಗುತ್ತದಾ ಅಂತಲೂ ಅದೇ ಮೇಲ್‌ನಲ್ಲಿ ಕೇಳಿ.

ಬೆಲ್‌ಕರ್ವ್: ಟೆಸ್ಟಿಂಗ್‌ನವರಿಗೆ ಎಲ್ಲಿಯ ಓಟಿ ಸರ್?

ನೈಟ್‌ಶಿಫ್ಟ್: ರಾತ್ರಿಯೆಲ್ಲ ಕೂರಿಸಿಕೊಂಡು ಓಟಿ ಇಲ್ಲ ಅಂದರೆ ಸುಮ್ನೆ ಇರ್ತೀರಾ ನೀವೆಲ್ಲ?