ಸಹಾಯ ಬೇಕು: ತೋಳವನ್ನು ಹತ್ತಿರದಿಂದ ಕಂಡವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳದವಳು. ಎರಡು ವರ್ಷಗಳಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಕುರಿಗಾರರ ಮನೆಯ ಸೊಸೆಯೊಬ್ಬಳು ಹುಣ್ಣಿಮೆಯ ರಾತ್ರಿ ತೋಳವಾಗುವ ಕಥೆ. ಹಗಲು ಕುರಿ ಕಾಯುವ ಅವಳಿಗೆ, ಯಾರನ್ನೂ ಕೇಳದೆ ಬಯಲುದ್ದಕ್ಕೂ ಓಡಬೇಕೆಂಬ ಆಸೆ.

ಯುರೋಪಿನ ಕಥೆಗಳ ತೋಳಮಾನವ ಮಂಜು ಕವಿದ ಕಾಡಿನವನು. ನನ್ನವಳು ನಮ್ಮ ಸೀಮೆಯವಳೇ ಆಗಬೇಕು. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ 332 ಎಕರೆಯ ತೋಳಧಾಮವೇ ಇರುವಾಗ ಹೊರಗಿನ ತೋಳವನ್ನು ಏಕೆ ತರಲಿ? ಹಿಮದ ನಾಡಿನ ತೋಳಕ್ಕಿಂತ ನಮ್ಮದು ಸಣ್ಣದು, ಮೈಗೂದಲು ತೆಳು. ಬಂಡೆ, ಕುರುಚಲು ಗಿಡಗಳ ನಡುವೆ ನಿಂತರೆ ಕಣ್ಣಿಗೇ ಬೀಳುವುದಿಲ್ಲ.

ಮೂರನೆಯ ಅಧ್ಯಾಯದಲ್ಲಿ ಸಿಕ್ಕಿಕೊಂಡಿದ್ದೇನೆ. ಅವಳು ಮೊದಲ ಬಾರಿ ಬದಲಾಗುವ ಗಳಿಗೆ ಅದು. ಮುಂಗೈಯಿಂದ ಬಳೆಗಳು ಒಂದೊಂದಾಗಿ ಜಾರುತ್ತವೆ, ಹೊದ್ದ ಕಂಬಳಿಯ ವಾಸನೆ ತಡೆಯಲಾರದಷ್ಟು ಗಾಢವಾಗುತ್ತದೆ. ಮುಂದೆ ಕೈ ಓಡುತ್ತಿಲ್ಲ. ಮೊಬೈಲಿನಲ್ಲಿ ವಿಡಿಯೊ ನೋಡಿ ಬರೆದ ಸಾಲುಗಳನ್ನೆಲ್ಲ ಹೊಡೆದುಹಾಕಿದೆ. ಅವುಗಳಲ್ಲಿ ಜೀವವಿರಲಿಲ್ಲ.

ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕಡೆ ರಾತ್ರಿ ಹೊಲದಲ್ಲಿ ಕುರಿ ತರುಬಿ ಮಲಗಿದವರು, ಅಥವಾ ಅಂಥವರ ಮನೆಯವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ. ತೋಳ ಹತ್ತಿರ ಬಂದಾಗ ಕುರಿಗಳು ಏನು ಮಾಡುತ್ತವೆ? ನಾಯಿಯ ಬೊಗಳುವಿಕೆ ಬದಲಾಗುತ್ತದೆಯೇ? ಬ್ಯಾಟರಿ ಬೆಳಕಿಗೆ ಅದರ ಕಣ್ಣು ಯಾವ ಬಣ್ಣ? ಮನೆಯ ಹಿರಿಯರು ರಾತ್ರಿ ಹೊತ್ತು ಅದರ ಹೆಸರು ಹೇಳದೆ ಬೇರೆ ಮಾತು ಬಳಸುತ್ತಿದ್ದರೆ ಅದೂ ಬೇಕು, ಬಹಳ ಬೇಕು.

ಭಾನುವಾರಗಳಂದು ನಾನೇ ಬಂದು ಕುಳಿತು ಕೇಳಿಸಿಕೊಳ್ಳುತ್ತೇನೆ. ಮರಿಗಳಿರುವ ಗವಿಯ ಜಾಗವನ್ನು ಮಾತ್ರ ಯಾರೂ ಇಲ್ಲಿ ಬರೆಯಬೇಡಿ, ಅವುಗಳ ಜೀವಕ್ಕೆ ಅಪಾಯ.