“ಕೊಳ್ಳೋದೇನೂ ಬೇಡ, ಸುಮ್ನೆ ಹಿಡಿದು ನೋಡಿ”: ರಿವಾಲ್ವರ್ ಅಂಗಡಿಯವರ ಸ್ನೇಹದ ಬಗ್ಗೆ ಪ್ರಶ್ನೋತ್ತರ

(ಅಮೆರಿಕದಲ್ಲಿರುವ ಕನ್ನಡಿಗರ ಹವ್ಯಾಸ ಗುಂಪಿನಲ್ಲಿ ಈ ವಾರ ಉತ್ತರ ಕೊಡುತ್ತಿರುವವರು ಟೆಕ್ಸಾಸ್‌ನ ಒಂದು ಬಂದೂಕಿನ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದಾರೆ. ಮಾರಾಟ ಮತ್ತು ಹಳೆಯ ರಿವಾಲ್ವರ್ ರಿಪೇರಿ, ಎರಡೂ ಅವರದೇ.)

ಪ್ರಶ್ನೆ

ಸರ್, ನಮಸ್ಕಾರ. ನಾನಿರುವುದು ಡಲ್ಲಾಸ್ ಹತ್ತಿರ, ಊರು ಹಾಸನ. ಪೌರತ್ವ ಸಿಕ್ಕಿ ಕೆಲವು ವರ್ಷ ಆಯಿತು. 2017ರಲ್ಲಿ ಸ್ಮಿತ್ ಆ್ಯಂಡ್ ವೆಸನ್ ಕಂಪನಿಯ ಒಂದು ಹಳೆಯ ಮಾಡೆಲ್ 10 ರಿವಾಲ್ವರ್ ತಗೊಂಡೆ. ಒಂದೇ ಸಾಕು ಅಂದುಕೊಂಡೇ ತಗೊಂಡಿದ್ದು. ಈಗ ಸೇಫ್‌ನಲ್ಲಿ ಹತ್ತೊಂಬತ್ತು ಇವೆ, ಎಲ್ಲವೂ ರಿವಾಲ್ವರ್. ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ಅದರಲ್ಲಿ ಎರಡು ಅಂಗಡಿಯವರ ಪಾಲೂ ಇದೆ. ಒಂದು ಕಡೆ ಯಜಮಾನರಿಗೆ ವಯಸ್ಸಾಗಿದೆ. ನಾನು ಒಳಗೆ ಕಾಲಿಟ್ಟ ಕೂಡಲೇ ಕಾಫಿ ತಂದಿಟ್ಟು, “ಕೊಳ್ಳೋದೇನೂ ಬೇಡ, ಸುಮ್ನೆ ಹಿಡಿದು ನೋಡು” ಎನ್ನುತ್ತಾರೆ. ಇನ್ನೊಂದು ಅಂಗಡಿಯ ಹುಡುಗ ಶುಕ್ರವಾರ ಸಂಜೆಯಾದರೆ ಫೋಟೊ ಕಳಿಸುತ್ತಾನೆ, “ನಿಮಗೇ ಅಂತ ಎತ್ತಿಟ್ಟಿದ್ದೀನಿ” ಅಂತ. ಇವರು ಸ್ನೇಹಿತರಾ, ವ್ಯಾಪಾರಿಗಳಾ? ನನ್ನ ಹೆಂಡತಿ ಕೇಳಿದ ಪ್ರಶ್ನೆ ಇದು. ನನಗೆ ಉತ್ತರ ಹೊಳೆಯಲಿಲ್ಲ.

ಉತ್ತರ

ಎರಡೂ ಹೌದು. ನಿಮ್ಮ ಹೆಂಡತಿಗೆ ಈ ಉತ್ತರ ಹಿಡಿಸುವುದಿಲ್ಲ, ಆದರೆ ನಿಜ ಇದೇ.

ಮೊದಲು ಶುಕ್ರವಾರದ ಫೋಟೊ ವಿಷಯ. ಹೊಸ ಗನ್ ಮಾರಿದರೆ ನಮಗೆ ಉಳಿಯುವುದು ಅಷ್ಟರಲ್ಲೇ ಇದೆ. ಅಂಗಡಿಯ ಬಾಡಿಗೆ ಹುಟ್ಟುವುದು ಹಳೆಯ ಮಾಲಿನಿಂದ. ಹಳೆಯ ಮಾಲು ಬರುವುದು ಹೆಚ್ಚಾಗಿ ಸಾವಾದ ಮನೆಯಿಂದ. ಯಾರೋ ತೀರಿಕೊಂಡಿರುತ್ತಾರೆ, ಮಕ್ಕಳಿಗೆ ಆಸಕ್ತಿ ಇರುವುದಿಲ್ಲ, ಮೂವತ್ತು ನಲವತ್ತು ಗನ್‌ಗಳನ್ನು ಒಟ್ಟಿಗೇ ತಂದು ಕೊಡುತ್ತಾರೆ. ನಾವು ಅಷ್ಟನ್ನೂ ಒಂದೇ ಚೆಕ್‌ನಲ್ಲಿ ಕೊಳ್ಳುತ್ತೇವೆ. ಆ ದುಡ್ಡು ಬೇಗ ವಾಪಸ್ ಬರಬೇಕು. ಹಾಗಾಗಿ ಗಾಜಿನ ಕಪಾಟಿಗೆ ಇಡುವ ಮೊದಲೇ ನಾಲ್ಕು ಜನಕ್ಕೆ ಫೋನ್ ಹೋಗುತ್ತದೆ. ನೀವು ಆ ನಾಲ್ವರಲ್ಲಿ ಒಬ್ಬರು. “ನಿಮಗೇ ಅಂತ ಎತ್ತಿಟ್ಟಿದ್ದೀನಿ” ಅನ್ನುವುದು ಸುಳ್ಳಲ್ಲ. ಉಳಿದ ಮೂವರಿಗೂ ಅದನ್ನೇ ಹೇಳಿರುತ್ತಾರೆ, ಅಷ್ಟೇ.

ಇನ್ನು ಕಾಫಿಯ ಯಜಮಾನರು. ಅವರನ್ನು ನಾನು ನೋಡಿಲ್ಲ, ಆದರೆ ಅವರ ಕೈ ಹೇಗೆ ಆಡುತ್ತದೆ ಅಂತ ಹೇಳಬಲ್ಲೆ. ಕೌಂಟರ್ ಮೇಲೆ ಒಂದು ರಬ್ಬರ್ ಮ್ಯಾಟ್ ಹಾಸುತ್ತಾರೆ. ರಿವಾಲ್ವರ್ ತೆಗೆದು, ಸಿಲಿಂಡರ್ ಹೊರಗೆ ತಳ್ಳಿ, ಗುಂಡು ಕೂರುವ ಆರೂ ಕೋಣೆ ಖಾಲಿ ಇರುವುದನ್ನು ತೋರಿಸುತ್ತಾರೆ. ಹಿಡಿ ನಿಮ್ಮ ಕಡೆ ಬರುವ ಹಾಗೆ ಮಲಗಿಸಿ, ಅಲ್ಲಿಂದ ಸರಿದು ಯಾವುದೋ ಗಾಜು ಒರೆಸುತ್ತಾ ನಿಲ್ಲುತ್ತಾರೆ. ಮಾತೇ ಆಡುವುದಿಲ್ಲ. 1950ರ ದಶಕದ ಬ್ಲೂಯಿಂಗ್ (ಉಕ್ಕಿಗೆ ಕೊಡುವ ಗಾಢ ಬಣ್ಣ) ಅಂದರೆ ಬಾವಿಯೊಳಗಿನ ನೀರಿನ ಹಾಗೆ, ಕಪ್ಪೂ ಅಲ್ಲ, ನೀಲಿಯೂ ಅಲ್ಲ. ಎರಡು ನಿಮಿಷ ಕೈಯಲ್ಲಿ ಇತ್ತೆಂದರೆ ಮುಗಿಯಿತು. ಚಿಕ್ಕಪೇಟೆಯಲ್ಲಿ “ತಗೊಳ್ಳೋದು ಆಮೇಲೆ, ಮೊದ್ಲು ಕೂತ್ಕೊಳಿ ಅಮ್ಮ” ಅಂತ ಅಂಗಡಿಯ ಗಾದಿಯ ಮೇಲೆ ಒಂದೊಂದೇ ಸೀರೆ ಹರಡುತ್ತಾ ಹೋಗುತ್ತಾರಲ್ಲ, ಅದೇ ವಿದ್ಯೆ.

ಆಮೇಲೆ ಬರುತ್ತದೆ ಆ ಮಾತು: “ಇದರ ಜೊತೆಯದ್ದು ನಿಮ್ಮ ಹತ್ರ ಇದೆ ಅಲ್ವಾ?”

ಈ ಜೊತೆಯ ಹುಚ್ಚನ್ನು ಅಂಗಡಿಯವರು ಹುಟ್ಟಿಸಿದ್ದಲ್ಲ, ಕಾರ್ಖಾನೆಯೇ ಹುಟ್ಟಿಸಿದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸ್ಮಿತ್ ಆ್ಯಂಡ್ ವೆಸನ್ ಗುರಿಸ್ಪರ್ಧೆಗೆಂದು ಮೂರು ರಿವಾಲ್ವರ್ ತಂದಿತು: ಕೆ-22, ಕೆ-32, ಕೆ-38. ಮೂರಕ್ಕೂ ಮಾಸ್ಟರ್‌ಪೀಸ್ ಅಂತಲೇ ಹೆಸರು. ಗುಂಡಿನ ಅಳತೆ ಬೇರೆ ಬೇರೆ, ಆದರೆ ಕೈಗೆ ಮೂರೂ ಒಂದೇ ತೂಕ ಅನ್ನಿಸಬೇಕು. ಅದಕ್ಕೆ ಬ್ಯಾರೆಲ್ ಮೇಲಿನ ಪಟ್ಟಿಯ ಅಗಲವನ್ನು ಒಂದೊಂದರಲ್ಲಿ ಒಂದೊಂದು ರೀತಿ ಮಾಡಿದರು. ಒಂದು ಕೊಂಡವನು ಇನ್ನೆರಡು ಕೊಳ್ಳದೆ ಹೇಗಿರುತ್ತಾನೆ? 1957ರಲ್ಲಿ ಮಾಡೆಲ್ ನಂಬರ್ ಶುರುವಾದಾಗ ಇವು ಕ್ರಮವಾಗಿ 17, 16, 14 ಆದವು. ಆ ಕಾಲದಲ್ಲಿ ನಡುವಿನದನ್ನು, ಅಂದರೆ ಕೆ-32 ಅನ್ನು, ಕೊಂಡವರು ಕಡಿಮೆ. ಅದಕ್ಕೇ ಇವತ್ತು ಎಲ್ಲರಿಗೂ ಅದೇ ಬೇಕು.

ನಿಮ್ಮ ಮೊದಲ ಮಾಡೆಲ್ 10 ಹಾಗಲ್ಲ. ಆ ವಂಶ 1899ರಿಂದ ನಡೆದು ಬಂದಿದೆ, ಅರುವತ್ತು ಲಕ್ಷಕ್ಕಿಂತ ಜಾಸ್ತಿ ತಯಾರಾಗಿವೆ. ಹೊಸಬರಿಗೆ ನಾವು ಅದನ್ನೇ ಮೊದಲು ಕೊಡುತ್ತೇವೆ. ಒಳ್ಳೆಯ ಗನ್, ಹೊರೆಯಾಗದ ಬೆಲೆ. ಅದಕ್ಕಿಂತ ಮುಖ್ಯವಾಗಿ, ಅಲ್ಲಿಂದ ನಾಲ್ಕು ದಿಕ್ಕಿಗೂ ದಾರಿ ಇದೆ.

ನಿಮ್ಮ ಆ ಇಬ್ಬರು ಅಂಗಡಿಯವರೂ ಒಳ್ಳೆಯವರಾ ಅಂತ ತಿಳಿಯಲು ನನ್ನ ಪರೀಕ್ಷೆ ಒಂದೇ. ಅವರು ನಿಮಗೆ ಯಾವತ್ತಾದರೂ “ಇದು ಬೇಡ” ಅಂದಿದ್ದಾರಾ? ಒಮ್ಮೆ ನಮ್ಮ ಖಾಯಂ ಗಿರಾಕಿಯೊಬ್ಬರು ನಿಕಲ್ ಹೊಳಪಿನ ಕೋಲ್ಟ್ ಪೈಥಾನ್ ರಿವಾಲ್ವರ್ ನೋಡಿ ಕಾರ್ಡ್ ತೆಗೆದೇ ಬಿಟ್ಟಿದ್ದರು. ಬ್ಯಾರೆಲ್ ಮೇಲಿನ ಅಕ್ಷರಗಳ ಅಂಚು ಸವೆದಿತ್ತು, ಸ್ಕ್ರೂ ತೂತುಗಳ ಸುತ್ತ ಸಣ್ಣ ತಗ್ಗು ಬಿದ್ದಿತ್ತು. ಅಂದರೆ ಹೊಳಪು ಮೂಲದ್ದಲ್ಲ, ಯಾರೋ ಉಜ್ಜಿ ಮತ್ತೆ ನಿಕಲ್ ಹಾಕಿಸಿದ್ದಾರೆ. ಹೇಳಿದೆ, ಅವರು ಬಿಟ್ಟರು. ಆ ದಿನ ನಷ್ಟ ನಮಗೇ. ಆದರೆ ಅವರು ಇವತ್ತಿಗೂ ಬೇರೆ ಅಂಗಡಿಗೆ ಹೋಗುವುದಿಲ್ಲ. ಹಾಗಂತ ಹೇಳದೆ ಮಾರಿದ ದಿನಗಳೂ ಇವೆ. ಬಾಯಿಬಿಟ್ಟು ಕೇಳಿದ್ದರೆ ಹೇಳುತ್ತಿದ್ದೆ, ಅವರು ಕೇಳಲಿಲ್ಲ. ಅದು ನನಗೆ ಹೆಮ್ಮೆಯ ವಿಷಯವೇನೂ ಅಲ್ಲ.

ಕೈ ಹಿಡಿತಕ್ಕೆ ಬರಬೇಕಾ? ಅಂಗಡಿಯವರನ್ನು ದೂರ ಮಾಡಬೇಡಿ, ಅವರಿಗೊಂದು ಸಣ್ಣ ಚೀಟಿ ಬರೆದು ಕೊಡಿ. “ನನಗೆ ಐದು ಸ್ಕ್ರೂ ಇರುವ ಕೆ ಫ್ರೇಮ್ ಮಾತ್ರ ಬೇಕು, ಮೂಲ ಬಾಕ್ಸ್ ಇದ್ದರೆ ಮಾತ್ರ ಫೋನ್ ಮಾಡಿ” ಅಂತ. ಕೆ ಫ್ರೇಮ್ ಅಂದರೆ ಆ ಮೂರು ಮಾಸ್ಟರ್‌ಪೀಸ್‌ಗೂ ನಿಮ್ಮ ಮಾಡೆಲ್ 10ಕ್ಕೂ ಇರುವ ಮಧ್ಯಮ ಗಾತ್ರದ ಚೌಕಟ್ಟು. ಐದು ಸ್ಕ್ರೂ ಅಂದರೆ ಆ ಚೌಕಟ್ಟಿನಲ್ಲಿ ಐದು ಸ್ಕ್ರೂ ಇದ್ದ, 1950ರ ದಶಕದ ನಡುವಿಗೆ ನಿಂತುಹೋದ ಮಾಲು. ಅಂಥದ್ದು ವಾರಕ್ಕೊಂದು ಬರುವುದಿಲ್ಲ. ಶುಕ್ರವಾರದ ಫೋಟೊ ತಾನಾಗಿ ಕಡಿಮೆಯಾಗುತ್ತದೆ. ಬೇಕಾದ್ದೇನು ಅಂತ ಗೊತ್ತಿರುವ ಗಿರಾಕಿ ಅಂದರೆ ನಮಗೂ ಇಷ್ಟ. ಅವರಿಗೋಸ್ಕರ ಹುಡುಕುವುದೇ ಒಂದು ಮಜಾ.

ಲೇಅವೇ, ಅಂದರೆ ಕಂತು ಮುಗಿಯುವವರೆಗೆ ಮಾಲು ಅಂಗಡಿಯಲ್ಲೇ ಇರುವ ಏರ್ಪಾಡು, ಅದನ್ನು ಮಾತ್ರ ಒಪ್ಪಬೇಡಿ. “ಈಗ ಸ್ವಲ್ಪ ಕೊಡಿ, ಉಳಿದದ್ದು ಆರಾಮಾಗಿ ಕೊಡಿ, ಬಡ್ಡಿ ಇಲ್ಲ” ಎನ್ನುವ ಸ್ನೇಹ ಎಲ್ಲಕ್ಕಿಂತ ದುಬಾರಿ. ನಮ್ಮಲ್ಲಿ ಒಬ್ಬರದ್ದು ಒಂದೇ ಸಲಕ್ಕೆ ನಾಲ್ಕು ರಿವಾಲ್ವರ್ ಲೇಅವೇಯಲ್ಲಿ ಕೂತಿದ್ದವು.

ಮತ್ತೊಬ್ಬ ಸದಸ್ಯರು: ನಮ್ಮ ಅಂಗಡಿಯವರು “ಕಲೆಕ್ಟರ್ ಲೈಸೆನ್ಸ್ ಮಾಡಿಸಿಕೊಳ್ಳಿ” ಅಂತ ಬೆನ್ನು ಬಿದ್ದಿದ್ದಾರೆ. ಇದೂ ವ್ಯಾಪಾರದ ತಂತ್ರವಾ?

ಉತ್ತರ: ಇಲ್ಲ, ಇದು ನಿಜವಾದ ಉಪಕಾರ. ಅದರಿಂದ ಅವರ ವ್ಯಾಪಾರ ಕಡಿಮೆಯೂ ಆಗಬಹುದು. ಇದನ್ನು ಟೈಪ್ 03 ಅನ್ನುತ್ತಾರೆ. ಕೊಡುವುದು ಎಟಿಎಫ್ (ಬಂದೂಕು ವ್ಯವಹಾರ ನೋಡಿಕೊಳ್ಳುವ ಫೆಡರಲ್ ಇಲಾಖೆ), ಮೂರು ವರ್ಷಕ್ಕೆ 30 ಡಾಲರ್. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗನ್‌ಗಳನ್ನು ಬೇರೆ ರಾಜ್ಯದಿಂದಲೂ ನೇರವಾಗಿ ಕೊಳ್ಳಬಹುದು. ಇದರ ಬೆಲೆ ಗೊತ್ತಾಗುವುದು ಒಕ್ಲಹೋಮಾದ ಟಲ್ಸಾದಲ್ಲಿ ನಡೆಯುವ ದೊಡ್ಡ ಗನ್ ಶೋಗೆ ಹೋದಾಗ. ಟೆಕ್ಸಾಸ್‌ನವರು ಒಕ್ಲಹೋಮಾದಲ್ಲಿ ಒಂದು ರಿವಾಲ್ವರ್ ಇಷ್ಟಪಟ್ಟರೆ ಕೈಯಲ್ಲಿ ಹಿಡಿದು ಮನೆಗೆ ತರುವ ಹಾಗಿಲ್ಲ. ಅದು ಟೆಕ್ಸಾಸ್‌ನ ಲೈಸೆನ್ಸ್ ಇರುವ ಅಂಗಡಿಗೆ ಬಂದು, ಅಲ್ಲಿ ಗನ್ ಕೊಳ್ಳುವವರು ತುಂಬುವ 4473 ಫಾರ್ಮ್ ತುಂಬಿ, ಹಿನ್ನೆಲೆ ಪರಿಶೀಲನೆ ಆದ ಮೇಲೆ ನಿಮ್ಮ ಕೈಗೆ ಬರಬೇಕು. ಟೈಪ್ 03 ಇದ್ದು, ಗನ್‌ಗೆ ಐವತ್ತು ತುಂಬಿದ್ದರೆ ಈ ಸುತ್ತಾಟ ಇಲ್ಲ.

ಆದರೆ ಕೊಂಡದ್ದನ್ನೂ ಕೊಟ್ಟದ್ದನ್ನೂ ಪುಸ್ತಕದಲ್ಲಿ ಬರೆದಿಡಲೇಬೇಕು. ಲಾಭಕ್ಕೆ ಕೊಂಡು ಮಾರುವ ವ್ಯಾಪಾರಕ್ಕೆ ಈ ಲೈಸೆನ್ಸ್ ನಡೆಯುವುದಿಲ್ಲ. ಇನ್ನೊಂದು ಅಪಾಯವೂ ಇದೆ: ಪ್ರತಿ ವರ್ಷ ಒಂದೊಂದು ಸಾಲಿನ ಮಾಲಿಗೆ ಐವತ್ತು ತುಂಬುತ್ತಾ ಹೋಗುತ್ತದೆ. ಹಾಗಾಗಿ ಆಸೆಪಡುವುದಕ್ಕೆ ಕೊನೆ ಇಲ್ಲ.

ಅದೇ ಸದಸ್ಯರು: ಒಂದೇ ದಿನ ಎರಡು ತಗೊಂಡರೆ ತೊಂದರೆ ಇದೆಯಾ? ಅಂಗಡಿಯವರು “ಏನೂ ಇಲ್ಲ” ಅನ್ನುತ್ತಾರೆ.

ಉತ್ತರ: ಅಪರಾಧವಲ್ಲ. ಆದರೆ ಲೈಸೆನ್ಸ್ ಇಲ್ಲದ ಒಬ್ಬರಿಗೇ ಐದು ಕೆಲಸದ ದಿನಗಳೊಳಗೆ ಎರಡು ಅಥವಾ ಹೆಚ್ಚು ಹ್ಯಾಂಡ್‌ಗನ್ ಮಾರಿದರೆ ಅಂಗಡಿಯವರು ಎಟಿಎಫ್‌ಗೆ ವರದಿ ಕಳಿಸಬೇಕು. “ಏನೂ ಇಲ್ಲ” ಅನ್ನುವವರು ಅದನ್ನೂ ಸೇರಿಸಿ ಹೇಳಬೇಕಿತ್ತು. ಮತ್ತೆ, ಗೆಳೆಯ ದುಡ್ಡು ಕೊಟ್ಟ, ನಿಮ್ಮ ಹೆಸರಲ್ಲಿ ಫಾರ್ಮ್ ತುಂಬಿ ಅವನಿಗೆ ತೆಗೆದುಕೊಟ್ಟಿರಿ ಅಂದರೆ ಅದು ಜೈಲಿನ ದಾರಿ. ಎಷ್ಟೇ ಸ್ನೇಹದ ಅಂಗಡಿಯಾದರೂ ಅದಕ್ಕೆ ಮಾತ್ರ ಹೋಗಬೇಡಿ.

ಇನ್ನೊಬ್ಬರು: ನಾನು ಎಚ್-1ಬಿ ಮೇಲೆ ಇದ್ದೇನೆ. ಟೀಮ್‌ನವರ ಜೊತೆ ಅಂಗಡಿಗೆ ಹೋದಾಗ ಕೌಂಟರ್‌ನವರು ತುಂಬಾ ಪ್ರೀತಿಯಿಂದ ಮಾತಾಡಿಸಿ ಒಂದು ರಿವಾಲ್ವರ್ ಹೊರಗೆ ತೆಗೆದರು. ನಾನು ಕೊಳ್ಳಬಹುದಾ?

ಉತ್ತರ: ತಮ್ಮಾ, ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲು. ಎಚ್-1ಬಿ, ಎಫ್-1 ಥರದ ತಾತ್ಕಾಲಿಕ ವೀಸಾ ಮೇಲೆ ಇರುವವರು ಗನ್ ಕೊಳ್ಳುವುದಷ್ಟೇ ಅಲ್ಲ, ಹತ್ತಿರ ಇಟ್ಟುಕೊಳ್ಳುವುದಕ್ಕೂ ಫೆಡರಲ್ ಕಾನೂನು ಒಪ್ಪುವುದಿಲ್ಲ. ಇಲ್ಲಿನ ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಅದನ್ನು ನಂಬಿ ಮುಂದಕ್ಕೆ ಹೋಗುವ ಮೊದಲು ನಿನ್ನ ಇಮಿಗ್ರೇಷನ್ ವಕೀಲರನ್ನು ಕೇಳು. ಒಂದು ತಪ್ಪಿಗೆ ಗ್ರೀನ್ ಕಾರ್ಡ್ ಕನಸೇ ಹೋಗಬಹುದು. ಕೌಂಟರ್‌ನವರಿಗೆ ನಿನ್ನ ವೀಸಾ ಹಣೆಯ ಮೇಲೆ ಕಾಣುವುದಿಲ್ಲ, ನೀನೇ ಮೊದಲು ಹೇಳಬೇಕು. ಗ್ರೀನ್ ಕಾರ್ಡ್ ಬಂದ ಮೇಲೆ ಬಾ, ಕಾಫಿ ನಾನೇ ಕೊಡುತ್ತೇನೆ.

ಕೊಡಗಿನ ಸದಸ್ಯರು: ನಮ್ಮ ಮನೆಯಲ್ಲಿ ಕೈಲ್‌ಪೊಳ್ದ್ (ನಮ್ಮ ಆಯುಧ ಪೂಜೆಯ ಹಬ್ಬ) ದಿನ ಕೋವಿಗೆ ತೋಕ್ ಪೂ, ಅಂದರೆ ಕೋವಿ ಹೂ, ಇಟ್ಟು ಪೂಜೆ ಮಾಡುತ್ತೇವೆ. ಇಲ್ಲಿ ಅಂಗಡಿಯವರಿಗೆ ಅದರ ಫೋಟೊ ತೋರಿಸಿದ್ದೇ ತಪ್ಪಾಯಿತು. “ಅಪ್ಪನಿಗೆ ಒಂದು ರಿವಾಲ್ವರ್ ತಗೊಂಡು ಹೋಗು” ಅಂತ ಶುರು ಮಾಡಿದ್ದಾರೆ.

ಉತ್ತರ: ಫೋಟೊ ತೋರಿಸಿದ್ದು ತಪ್ಪಲ್ಲ, ಚೆನ್ನಾಗಿಯೇ ಇರುತ್ತದೆ. ಅವರು ಹೇಳಿದ್ದನ್ನು ಮಾತ್ರ ಮರೆತುಬಿಡಿ. ಇಲ್ಲಿನ ಅಂಗಡಿಯವರಿಗೆ ಭಾರತದ ಕಾನೂನು ಗೊತ್ತಿಲ್ಲ. ಅಲ್ಲಿ 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಲ್ಲಿ ಇಟ್ಟುಕೊಳ್ಳಬಹುದಾದದ್ದು ಎರಡೇ ಆಯುಧ, ಮೊದಲು ಮೂರಿತ್ತು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಕೋವಿಗೆ ಇರುವ ಲೈಸೆನ್ಸ್ ವಿನಾಯಿತಿಯನ್ನು ನೆನೆದು ಇಲ್ಲಿಂದ ರಿವಾಲ್ವರ್ ಸೂಟ್‌ಕೇಸಿಗೆ ಹಾಕಿಕೊಂಡು ಹೊರಟರೆ ವಿಮಾನ ನಿಲ್ದಾಣದಲ್ಲೇ ಪೊಲೀಸರ ಮುಂದೆ ನಿಲ್ಲಬೇಕಾಗುತ್ತದೆ. ಅಪ್ಪನಿಗೆ ಒಳ್ಳೆಯ ದುರ್ಬೀನು ತಗೊಂಡು ಹೋಗಿ.

ಒಬ್ಬ ಸದಸ್ಯೆ: ನಾನು ಆ ಕಡೆಯವಳು, ಅಂದರೆ ಮನೆಯವರು ಕೊಳ್ಳುತ್ತಾರೆ, ನಾನು ಎಣಿಸುತ್ತೇನೆ. ನಾಳೆ ಅವರಿಗೆ ಏನಾದರೂ ಆದರೆ ಇದೇ ಸ್ನೇಹಿತರು ನನಗೆ ಸರಿಯಾದ ಬೆಲೆ ಕೊಡುತ್ತಾರಾ?

ಉತ್ತರ: ಅಕ್ಕಾ, ಇಷ್ಟೂ ಪ್ರಶ್ನೆಗಳಲ್ಲಿ ಗಟ್ಟಿಯಾದದ್ದು ಇದು. ಒಟ್ಟಿಗೆ ಎಲ್ಲವನ್ನೂ ಕೊಳ್ಳಿ ಅಂತ ತಂದರೆ ನಮ್ಮ ಅಂಗಡಿಯಲ್ಲಿ ನಾವು ಕೊಡುವುದು ಮಾರುವ ಬೆಲೆಯ ಸುಮಾರು ಅರ್ಧ. ಮೋಸ ಅಂತ ಅನ್ನಿಸಬಹುದು. ಆದರೆ ಕೆಲವು ಗನ್ ವರ್ಷಗಟ್ಟಲೆ ಕಪಾಟಿನಲ್ಲೇ ಕೂರುತ್ತವೆ. ಅವಸರ ಇಲ್ಲದಿದ್ದರೆ ಕನ್ಸೈನ್‌ಮೆಂಟ್‌ಗೆ ಕೊಡಿ. ಮಾರಾಟವಾದ ಮೇಲೆ ಅಂಗಡಿಯವರು ಕಮಿಷನ್ ಹಿಡಿದು ಉಳಿದದ್ದು ನಿಮಗೆ ಕೊಡುತ್ತಾರೆ.

ಅದಕ್ಕೆ ಮುಂಚೆ, ಈ ಭಾನುವಾರವೇ ಮನೆಯವರನ್ನು ಕೂರಿಸಿ ಒಂದು ನೋಟ್‌ಬುಕ್ ಬರೆಸಿ. ಮಾಡೆಲ್, ಸೀರಿಯಲ್ ನಂಬರ್, ಕೊಟ್ಟ ದುಡ್ಡು, ಬಾಕ್ಸ್ ಎಲ್ಲಿದೆ. ಹಳೆಯ ಬಾಕ್ಸ್‌ಗಳನ್ನು ಕಸ ಅಂತ ಎಸೆಯಬೇಡಿ. ಹಳೆಯ ಸ್ಮಿತ್ ಆ್ಯಂಡ್ ವೆಸನ್ ಬಾಕ್ಸ್ ಮಗುಚಿ ನೋಡಿದರೆ ಅಡಿಯಲ್ಲಿ ಮೇಣದ ಪೆನ್ಸಿಲ್‌ನಲ್ಲಿ ಗನ್‌ನ ನಂಬರ್ ಬರೆದಿರುತ್ತದೆ. ಎರಡೂ ತಾಳೆಯಾದರೆ ಆ ರಟ್ಟಿನ ಡಬ್ಬಿಗೇ ಬೆಲೆ ಬರುತ್ತದೆ. ಮನೆಯ ಇನ್ಶೂರೆನ್ಸ್ ಕಾಗದವನ್ನೂ ತೆಗೆದು ನೋಡಿ. ಗನ್ ಕಳವಿಗೆ ಬಹಳಷ್ಟು ಪಾಲಿಸಿಗಳಲ್ಲಿ 2,500 ಡಾಲರ್ ಆಸುಪಾಸಿನ ಮಿತಿ ಇರುತ್ತದೆ. ಅವರ ಸೇಫ್‌ನಲ್ಲಿ ಅದಕ್ಕಿಂತ ಜಾಸ್ತಿ ಇದೆ ಅಂತ ನಿಮಗೂ ಗೊತ್ತು.

ಮೊದಲು ಪ್ರಶ್ನೆ ಕೇಳಿದವರು: ಸರ್, ನೀವು ಹೇಳಿದ ಹಾಗೆ ನಿನ್ನೆ ಚೀಟಿ ಬರೆದು ಕಾಫಿ ಯಜಮಾನರಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. “ಒಳ್ಳೇ ನಿರ್ಧಾರ” ಅಂದರು. ಇವತ್ತು ಬೆಳಿಗ್ಗೆ ಫೋನ್: ಒಂದು ಕೆ-32 ಬಂದಿದೆಯಂತೆ, ಬಾಕ್ಸ್ ಸಮೇತ. ಏನು ಮಾಡಲಿ?

ಉತ್ತರ: ಬೆಲೆ ಕೇಳಬೇಡಿ, ಮೊದಲು ಫೋಟೊ ಕೇಳಿ. ಸಿಲಿಂಡರ್ ಹೊರಗೆ ತಳ್ಳಿದಾಗ ಫ್ರೇಮ್‌ನಲ್ಲಿ ಕಾಣುವ ಜಾಗ, ಹಿಡಿಯ ಅಡಿಯ ನಂಬರ್, ಬಾಕ್ಸ್‌ನ ತಳ, ಬಲಗಡೆಯ ಸ್ಕ್ರೂಗಳ ತಲೆ. ಸ್ಕ್ರೂ ತಲೆ ಕಿತ್ತುಹೋಗಿದ್ದರೆ ಯಾರೋ ಒಳಗೆ ಕೈ ಹಾಕಿದ್ದಾರೆ ಅಂತ ಅರ್ಥ. ಅಂಗಡಿಗೆ ಹೋದಾಗ ಅವರ ಅನುಮತಿ ಕೇಳಿ, ಗನ್ ಖಾಲಿ ಇದೆಯಾ ಅಂತ ನೀವೇ ಇನ್ನೊಮ್ಮೆ ನೋಡಿ. ಆಮೇಲೆ ಹ್ಯಾಮರ್ ಅನ್ನು (ಹಿಂಬದಿಯಲ್ಲಿ ಹೆಬ್ಬೆರಳಿನಿಂದ ಎಳೆಯುವ ಕೊಕ್ಕೆ) ನಿಧಾನವಾಗಿ, ತುಂಬಾ ನಿಧಾನವಾಗಿ ಎಳೆಯಿರಿ. ಹ್ಯಾಮರ್ ನಿಲ್ಲುವ ಮೊದಲೇ ಸಿಲಿಂಡರ್ ಟಿಕ್ ಅಂತ ಕೂರಬೇಕು. ಆರೂ ಕೋಣೆಗೆ ಹೀಗೇ ನೋಡಿ. ಒಂದು ತಡವಾದರೂ ಬೆಲೆ ಇಳಿಸಿ ಮಾತಾಡಬಹುದು.

ಶನಿವಾರ ನನಗೆ ರಜೆ. ನೀವು ತಗೊಳ್ಳುವುದಿಲ್ಲ ಅಂತಾದರೆ ಅಂಗಡಿ ವಿಳಾಸ ನನಗೆ ಇನ್‌ಬಾಕ್ಸ್ ಮಾಡಿ. ನನ್ನ ಹತ್ತಿರ 22 ಇದೆ, 38 ಇದೆ.